ಗೀಸರ್ ಸರ್ವಿಸ್: ತಳ ಬಿಚ್ಚಿದರೆ ಮಾತ್ರ ದುಡ್ಡು ಕೊಡಿ

ಮನೆಗೆ ಬಂದವರು ಸ್ವಿಚ್ ಹಾಕಿ ದೀಪ ಉರಿಯುತ್ತದೆಯೇ ನೋಡಿ, ಗೀಸರ್‌ನ ಹೊರಮೈ ಒರೆಸಿ, ಕನೆಕ್ಷನ್ ಪೈಪನ್ನು ಇನ್ನೊಂದು ಸುತ್ತು ಬಿಗಿದು, ಕಾಲು ಗಂಟೆಯಲ್ಲಿ ‘ಸರ್ವಿಸ್ ಆಯ್ತು ಸರ್’ ಎಂದರೆ ಕೊಟ್ಟ ದುಡ್ಡು ನೀರಲ್ಲಿ ಹೋಮ ಮಾಡಿದ ಹಾಗೆ. ಗೀಸರ್ ಹಾಳಾಗುವುದು ಒಳಗೆ, ಅದರಲ್ಲೂ ತಳದಲ್ಲಿ. ತಳದ ಮುಚ್ಚಳ ಬಿಚ್ಚಿ, ಕಾಯಿಲ್ ಹೊರಗೆಳೆದು, ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನು ಸವೆಯುವ ಆನೋಡ್ ರಾಡ್ ಎಷ್ಟು ಉಳಿದಿದೆ ಎಂದು ಕಣ್ಣಾರೆ ನೋಡದ ಸರ್ವಿಸ್‌ಗೆ ನಮ್ಮ ಅಂಕ ಸೊನ್ನೆ. ಬಿಚ್ಚಿ ಮಾಡಿದ್ದಾದರೆ, ಮಾಡಿದವರು ಯಾರೇ ಇರಲಿ, ಕೊಟ್ಟ ಹಣ ಸಾರ್ಥಕ. ನೂರರ ಲೆಕ್ಕದ ಒಂದು ರಾಡ್, ಸಾವಿರಗಳ ಲೆಕ್ಕದ ಟ್ಯಾಂಕನ್ನು ಕಾಯುತ್ತದೆ.

ಇಲ್ಲಿ ತೂಗಿ ನೋಡುತ್ತಿರುವುದು ಗೋಡೆಗೆ ನೇತುಹಾಕುವ, 10ರಿಂದ 25 ಲೀಟರ್‌ನ, 2000 ವ್ಯಾಟ್ ಕಾಯಿಲ್ ಇರುವ ಸ್ಟೋರೇಜ್ ಗೀಸರ್‌ಗೆ ಬೆಂಗಳೂರು ಮತ್ತಿತರ ಊರುಗಳಲ್ಲಿ ಸಿಗುವ ವಾರ್ಷಿಕ ಸರ್ವಿಸನ್ನು. ಗ್ಯಾಸ್ ಗೀಸರ್‌ನ ಸಂಗತಿಯೇ ಬೇರೆ, ಅಲ್ಲಿ ಮೊದಲ ಪ್ರಶ್ನೆ ಬಚ್ಚಲುಮನೆಯ ಗಾಳಿಯದು.

ಒಂದೇ ಕಂಪನಿಯ, ಒಂದೇ ದಿನ ಕೊಂಡ ಎರಡು ಗೀಸರ್‌ಗಳಲ್ಲಿ ಒಂದು ಹತ್ತು ವರ್ಷ ಬಾಳಿ ಇನ್ನೊಂದು ನಾಲ್ಕು ವರ್ಷಕ್ಕೇ ಸೋರಿದರೆ ಮೊದಲು ಅನುಮಾನಿಸಬೇಕಾದದ್ದು ನೀರನ್ನು. ತೊರೆಕಾಡನಹಳ್ಳಿಯ ಪಂಪಿಂಗ್ ಕೇಂದ್ರದಿಂದ ಬೆಂಗಳೂರಿಗೆ ಬರುವ ಕಾವೇರಿ ನೀರಿಗೂ ಅದೇ ಬೀದಿಯ ಬೋರ್‌ವೆಲ್ ನೀರಿಗೂ ಗಡಸುತನದಲ್ಲಿ ಬಹಳ ಅಂತರವಿದೆ. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಶುರುವಾಗಿ ನಗರದ ಅಂಚಿನ 110 ಹಳ್ಳಿಗಳ ಪ್ರದೇಶಕ್ಕೆ ನೀರು ಹರಿಯಿತಾದರೂ, ಎಷ್ಟೋ ಮನೆಗಳ ಸಂಪಿನಲ್ಲಿ ಕಾವೇರಿ, ಬೋರ್‌ವೆಲ್, ಟ್ಯಾಂಕರ್ ಮೂರೂ ಬೆರೆಯುತ್ತವೆ. ಹಾಗಾಗಿ ‘ನಮ್ಮದು ಕಾವೇರಿ ನೀರು, ಸರ್ವಿಸ್ ಬೇಡ’ ಎಂದು ನಿಶ್ಚಿಂತೆಯಿಂದ ಇರುವ ಮೊದಲು ಸಂಪಿನ ನೀರನ್ನೇ ಪರೀಕ್ಷಿಸಿ. ಇದಕ್ಕೆ ಟಿಡಿಎಸ್ ಮೀಟರ್ ಸಾಲದು. ಅದು ಕರಗಿದ ಎಲ್ಲ ಲವಣಗಳನ್ನೂ ಒಟ್ಟಾಗಿ ಹೇಳುತ್ತದೆಯೇ ಹೊರತು ಸುಣ್ಣದ ಪಾಲು ಎಷ್ಟೆಂದು ಬಿಡಿಸಿ ಹೇಳುವುದಿಲ್ಲ. ಹನಿ ಹಾಕಿ ಬಣ್ಣ ನೋಡುವ ಹಾರ್ಡ್‌ನೆಸ್ ಕಿಟ್ ಬೇಕು. ಕುಡಿಯುವ ನೀರಿನ ಐಎಸ್ 10500 ಮಾನದಂಡ ಒಟ್ಟು ಗಡಸುತನಕ್ಕೆ ಲೀಟರ್‌ಗೆ 200 ಮಿಲಿಗ್ರಾಂ ಒಪ್ಪಿತ ಮಿತಿ ಎನ್ನುತ್ತದೆ, ಬೇರೆ ನೀರೇ ಇಲ್ಲದ ಕಡೆ 600ರವರೆಗೆ ಬಿಡುತ್ತದೆ. ಕುಡಿಯಲು ನಡೆಯುವ ಆ 600ರ ನೀರು ಗೀಸರ್‌ಗೆ ಯಮ.

ಲೆಕ್ಕ ಹಾಕಿ ನೋಡಿ. ಲೀಟರ್‌ಗೆ 400 ಮಿಲಿಗ್ರಾಂ ಗಡಸುತನದ ನೀರು ದಿನಕ್ಕೆ 100 ಲೀಟರ್ ಗೀಸರ್ ಹಾದು ಹೋದರೆ, ದಿನಕ್ಕೆ 40 ಗ್ರಾಂ, ವರ್ಷಕ್ಕೆ 14 ಕಿಲೋ 600 ಗ್ರಾಂ ಸುಣ್ಣದಂಶ ಅದರೊಳಗಿಂದ ಹೋಗುತ್ತದೆ. ಬಹುಪಾಲು ನೀರಿನೊಂದಿಗೇ ಹೊರಟುಹೋಗುತ್ತದೆ, ನಿಜ. ನೂರರಲ್ಲಿ ಎರಡೇ ಪಾಲು ಒಳಗೆ ಉಳಿದರೂ ಹತ್ತಿರ ಹತ್ತಿರ 300 ಗ್ರಾಂ ಆಯಿತು. ಕಾಯಿಸಿದಾಗ ನೀರಿನ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಅದು ಮೊದಲು ಕೂರುವುದು ಎಲ್ಲಕ್ಕಿಂತ ಬಿಸಿಯಾದ ಜಾಗದಲ್ಲಿ, ಅಂದರೆ ಕಾಯಿಲ್ ಮೇಲೆ. ಅಜ್ಜಿಯ ಕಾಲದ ತಾಮ್ರದ ಹಂಡೆಯ ಒಳಗೆ ಕಟ್ಟುತ್ತಿದ್ದ ಬಿಳಿ ಕರೆ ಇದೇ.

ಸುಣ್ಣ ಕಟ್ಟಿದರೆ ಕರೆಂಟ್ ಬಿಲ್ ಏರುತ್ತದೆ ಎಂದು ಸರ್ವಿಸ್ ಮಾರುವವರು ಹೇಳುತ್ತಾರೆ. ಸ್ಟೋರೇಜ್ ಗೀಸರ್‌ನ ಮಟ್ಟಿಗೆ ಈ ಮಾತಿಗೆ ಹೆಚ್ಚು ತೂಕ ಕೊಡಬೇಡಿ. ಕಾಯಿಲ್ ಪೂರ್ತಿ ನೀರಿನಲ್ಲೇ ಮುಳುಗಿರುವುದರಿಂದ ಅದರ ಶಾಖಕ್ಕೆ ನೀರಲ್ಲದೆ ಬೇರೆ ದಾರಿಯಿಲ್ಲ. ನಿಜವಾದ ನಷ್ಟ ಬೇರೆಯದು. ಸುಣ್ಣದ ಕವಚದೊಳಗೆ ಕಾಯಿಲ್ ತನ್ನ ಶಾಖವನ್ನು ಬೇಗ ಬಿಟ್ಟುಕೊಡಲಾಗದೆ ಅತಿಯಾಗಿ ಕಾಯುತ್ತದೆ, ಹೊರಕವಚ ಬಿರುಕು ಬಿಡುತ್ತದೆ, ಒಳಗಿನ ಮೆಗ್ನೀಸಿಯಂ ಆಕ್ಸೈಡ್ ಪುಡಿ ನೀರು ಹೀರುತ್ತದೆ. ಅಲ್ಲಿಗೆ ಮೀಟರ್ ಬೋರ್ಡಿನಲ್ಲಿರುವ, ಕರೆಂಟ್ ಸೋರಿದೊಡನೆ ಕಡಿಯುವ ಆರ್‌ಸಿಸಿಬಿ ಟ್ರಿಪ್ ಆಗುತ್ತದೆ. ಅದು ಇಲ್ಲದ ಮನೆಯಲ್ಲಿ ಅರ್ಥಿಂಗ್ ಕೂಡ ಸರಿಯಿಲ್ಲದಿದ್ದರೆ ನಲ್ಲಿ ಮುಟ್ಟಿದವರಿಗೆ ಶಾಕ್. ನೀರು ಕಾಯುವಾಗ ಗೀಸರ್‌ನಿಂದ ಪಟಪಟ, ಗುಳುಗುಳು ಸದ್ದು ಬರುತ್ತಿದ್ದರೆ ಸುಣ್ಣದ ಪದರದಡಿ ಸಿಕ್ಕಿದ ನೀರು ಹಬೆಯಾಗಿ ಒಡೆಯುತ್ತಿದೆ ಎಂದರ್ಥ. ಇದನ್ನು ಕೇಳಿದ ವಾರದಲ್ಲೇ ಸರ್ವಿಸ್‌ಗೆ ಹೇಳಿ.

ಸರ್ವಿಸ್‌ಗೆ ಬಂದವರು ಸರಿಯಾಗಿ ಕೆಲಸ ಮಾಡುತ್ತಿದ್ದಾರೆಯೇ ಎಂದು ತಿಳಿಯಲು ಪಕ್ಕದಲ್ಲಿ ನಿಂತು ನೋಡುವುದು ತಪ್ಪಲ್ಲ. ಬಿಚ್ಚಿ, ತೊಳೆದು, ಜೋಡಿಸಿ, ಕಾಯಿಸಿ ನೋಡಲು ಒಂದರಿಂದ ಒಂದೂವರೆ ಗಂಟೆ ಬೇಕೇ ಬೇಕು. ಮೊದಲ ಕೆಲಸ ಬೋರ್ಡಿನ ಎಂಸಿಬಿ (ಬ್ರೇಕರ್ ಸ್ವಿಚ್) ಇಳಿಸುವುದು ಮತ್ತು 16 ಆಂಪಿಯರ್ ಪ್ಲಗ್ ಕೀಳುವುದು. ಬರೀ ಸ್ವಿಚ್ ಆಫ್ ಮಾಡಿ ಕೈ ಹಾಕುವವರನ್ನು ಅಲ್ಲೇ ತಡೆಯಿರಿ. ಬಿಸಿನೀರಿನ ನಲ್ಲಿ ಬಿಟ್ಟು ತಣ್ಣೀರು ಬರುವವರೆಗೆ ಹರಿಸಿ, ಆಮೇಲೆ ಒಳಬರುವ ಪೈಪಿನ ಆಂಗಲ್ ಕಾಕ್ ಮುಚ್ಚಬೇಕು.

ನೀರು ಖಾಲಿ ಮಾಡುವಲ್ಲಿ ಹಲವರು ಎಡವುತ್ತಾರೆ. ಬಿಸಿನೀರು ಹೊರಹೋಗುವ ಕೊಳವೆಯ ಬಾಯಿ ಟ್ಯಾಂಕಿನ ಮೇಲ್ಭಾಗದಲ್ಲಿದೆ, ತಣ್ಣೀರು ಒಳಬರುವ ಬಾಯಿ ತಳದಲ್ಲಿದೆ. ಆದ್ದರಿಂದ ಹೊರಹೋಗುವ ಪೈಪ್ ಬಿಚ್ಚಿದರೆ ಟ್ಯಾಂಕ್ ಬರಿದಾಗದು. ಬಿಸಿನೀರಿನ ನಲ್ಲಿಯನ್ನು ತೆರೆದೇ ಇಟ್ಟು ಗಾಳಿಗೆ ದಾರಿ ಮಾಡಿ, ಒಳಬರುವ ಕಡೆಯ ಸೇಫ್ಟಿ ವಾಲ್ವ್ ಬಿಚ್ಚಿದಾಗ ತಳದ ಕೆಸರೂ ಸೇರಿ ನೀರೆಲ್ಲ ಬಕೆಟ್ಟಿಗೆ ಇಳಿಯುತ್ತದೆ. ಕೊನೆಗೆ ಬರುವ ಬಿಳಿ ಹೆಕ್ಕಳೆ, ಕೆಂಪು ಮಣ್ಣು ಎಷ್ಟಿದೆ ಎಂಬುದೇ ನಿಮ್ಮ ನೀರಿನ ಜಾತಕ.

ತಳದ ಪ್ಲಾಸ್ಟಿಕ್ ಮುಚ್ಚಳ ತೆಗೆದ ಕೂಡಲೇ ವೈರುಗಳ ಫೋಟೊ ತೆಗೆದಿಡಿ. ಥರ್ಮೋಸ್ಟ್ಯಾಟ್ ಮತ್ತು ಅತಿ ಬಿಸಿಯಾದರೆ ಕರೆಂಟ್ ಕಡಿಯುವ ಕಟ್‌ಔಟನ್ನು ಹುಷಾರಾಗಿ ಎಳೆದಿಟ್ಟು, ಸುತ್ತಲಿನ ನಟ್‌ಗಳನ್ನು ಎದುರುಬದುರಾಗಿ ಸಡಿಲಿಸಿದರೆ ಕಾಯಿಲ್ ಮತ್ತು ಆನೋಡ್ ರಾಡ್ ಎರಡೂ ಒಂದೇ ತಟ್ಟೆಯಲ್ಲಿ ಹೊರಬರುತ್ತವೆ. ಕೆಲವು ಮಾದರಿಗಳಲ್ಲಿ ರಾಡ್ ಬೇರೆಯೇ ಇರುತ್ತದೆ. ಕಾಯಿಲ್‌ನ ಸುಣ್ಣವನ್ನು ಸ್ಕ್ರೂಡ್ರೈವರ್‌ನಿಂದ ಕುಟ್ಟಿ ಉದುರಿಸಕೂಡದು. ಆ ಪೆಟ್ಟಿನಿಂದ ಕವಚ ಸೀಳುತ್ತದೆ. ಇನ್ನೂ ಕೆಟ್ಟ ಅಭ್ಯಾಸವೆಂದರೆ ಬಾತ್‌ರೂಮ್ ತೊಳೆಯುವ ಆಸಿಡ್‌ನಲ್ಲಿ ಅದ್ದುವುದು. ಎರಡು ನಿಮಿಷದಲ್ಲಿ ಸುಣ್ಣ ಹೋಗಿ ಕಾಯಿಲ್ ಫಳಫಳ ಹೊಳೆಯುತ್ತದೆ, ಜೊತೆಗೆ ಲೋಹದಲ್ಲಿ ಸಣ್ಣ ಸಣ್ಣ ಗುಳಿ ಬೀಳುತ್ತದೆ. ಆರು ತಿಂಗಳ ಮೇಲೆ ಅದೇ ಗುಳಿಯಲ್ಲಿ ಕಾಯಿಲ್ ತೂತಾದಾಗ ಆಸಿಡ್ ನೆನಪು ಯಾರಿಗೂ ಇರುವುದಿಲ್ಲ.

ಸರಿಯಾದ ವಸ್ತು ಅಡುಗೆಮನೆಯಲ್ಲೇ ಇದೆ, ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್. ಒಂದು ಲೀಟರ್ ಬಿಸಿನೀರಿಗೆ 50 ಗ್ರಾಂ ಕರಗಿಸಿ, ಟರ್ಮಿನಲ್‌ಗಳಿಗೆ ತಾಗದಂತೆ ಕಾಯಿಲನ್ನು ಒಂದೆರಡು ಗಂಟೆ ಮುಳುಗಿಸಿಟ್ಟರೆ ನೊರೆ ಬಂದು ಸುಣ್ಣ ಮೆತ್ತಗಾಗುತ್ತದೆ. ಹಳೆಯ ಟೂತ್‌ಬ್ರಶ್‌ನಿಂದ ಉಜ್ಜಿ ತೊಳೆದರೆ ಸಾಕು. ಹಂಡೆಯ ಕರೆಗೆ ಹುಣಸೆಹಣ್ಣು ಹಚ್ಚುತ್ತಿದ್ದುದರ ಹಿಂದೆ ಇರುವುದೂ ಇದೇ ರಸಾಯನ, ಸೌಮ್ಯ ಹುಳಿ ಸುಣ್ಣವನ್ನು ತಿಂದು ಲೋಹವನ್ನು ಬಿಡುತ್ತದೆ. ಸರ್ವಿಸ್‌ನವರಿಗೆ ಅಷ್ಟು ಹೊತ್ತು ಕಾಯಲಾಗದಿದ್ದರೆ ಕೆಲಸದ ಆರಂಭದಲ್ಲೇ ನೆನೆಹಾಕಿ, ಟ್ಯಾಂಕ್ ತೊಳೆಯುವಷ್ಟರಲ್ಲಿ ಅರ್ಧ ಕೆಲಸವಾಗಿರುತ್ತದೆ. ಟ್ಯಾಂಕಿನ ಒಳಗೆ ಕಬ್ಬಿಣದ ಸಲಾಕೆ ಬೇಡ. ಗಾಜಿನ ಲೇಪದ ಟ್ಯಾಂಕಿಗೆ ಒಂದು ಗೀರು ಬಿದ್ದರೆ ತುಕ್ಕು ಶುರುವಾಗುವ ಜಾಗ ಅದೇ. ಕೈಯಿಂದ, ಇಲ್ಲವೇ ಮರದ ಅಥವಾ ಪ್ಲಾಸ್ಟಿಕ್ ಚಮಚದಿಂದ ತೆಗೆಯಬೇಕು.

ಮಲ್ಟಿಮೀಟರ್ ತಂದಿದ್ದಾರೆಯೇ ಕೇಳಿ. ತಂದವರಿಗೆ ಹೆಚ್ಚು ಅಂಕ. 230 ವೋಲ್ಟ್‌ಗೆ ಮಾಡಿದ 2000 ವ್ಯಾಟ್ ಕಾಯಿಲ್‌ನ ಎರಡು ಟರ್ಮಿನಲ್‌ಗಳ ನಡುವೆ ಸುಮಾರು 26 ಓಮ್ ತೋರಿಸಬೇಕು. 3000 ವ್ಯಾಟ್‌ನದಾದರೆ ಸುಮಾರು 18. ಏನೂ ತೋರಿಸದಿದ್ದರೆ ಒಳತಂತಿ ತುಂಡಾಗಿದೆ. ಟರ್ಮಿನಲ್‌ಗೂ ಹೊರಕವಚಕ್ಕೂ ನಡುವೆ ಮಾತ್ರ ಯಾವ ಸಂಪರ್ಕವೂ ಕಾಣಬಾರದು. ಅಲ್ಲಿ ಸ್ವಲ್ಪ ತೋರಿಸಿದರೂ ಆ ಕಾಯಿಲ್ ನೀರು ಕಾಯಿಸುತ್ತಿದ್ದರೂ ಸರಿ, ಎಸೆಯಬೇಕು. ಇಲ್ಲಿ ಲೋಭ ಬೇಡ, ಸ್ನಾನ ಮಾಡುವವರ ಜೀವದ ಪ್ರಶ್ನೆ.

ಇನ್ನು ಆನೋಡ್ ರಾಡ್. ಇಡೀ ಗೀಸರ್‌ನಲ್ಲಿ ಸವೆಯಲೆಂದೇ ಇಟ್ಟಿರುವ ಭಾಗ ಇದೊಂದೇ, ಮಾಲೀಕರಿಗೆ ತಿಳಿಯದೇ ಹೋಗುವುದೂ ಇದೊಂದೇ. ಟ್ಯಾಂಕಿನ ಉಕ್ಕಿನ ಮೇಲೆ ಗಾಜಿನ ಲೇಪ ಎಷ್ಟೇ ಚೆನ್ನಾಗಿದ್ದರೂ ಬೆಸುಗೆಯ ಅಂಚುಗಳಲ್ಲಿ, ಕೊಳವೆಯ ಬಾಯಿಗಳಲ್ಲಿ ಕಣ್ಣಿಗೆ ಕಾಣದ ಬಿಡುವುಗಳಿರುತ್ತವೆ. ಮೆಗ್ನೀಸಿಯಂ ಕಬ್ಬಿಣಕ್ಕಿಂತ ಬಹಳ ಸುಲಭವಾಗಿ ಎಲೆಕ್ಟ್ರಾನ್ ಬಿಟ್ಟುಕೊಡುವ ಲೋಹ. ಎರಡೂ ಒಂದೇ ನೀರಿನಲ್ಲಿ ತಂತಿ ಕಟ್ಟಿದಂತೆ ಸೇರಿರುವಾಗ ಮೆಗ್ನೀಸಿಯಂ ತಾನು ಕರಗುತ್ತಾ ಕಬ್ಬಿಣವನ್ನು ಕಾಯುತ್ತದೆ. ಅದು ಮುಗಿದ ದಿನದಿಂದ ಟ್ಯಾಂಕಿನ ಸರದಿ. ಕಾವೇರಿ ನೀರಿಗೆ ಎರಡು ವರ್ಷಕ್ಕೊಮ್ಮೆ, ಬೋರ್‌ವೆಲ್ ನೀರಿಗೆ ವರ್ಷಕ್ಕೊಮ್ಮೆ ರಾಡ್ ನೋಡಬೇಕು. ದಪ್ಪ ಅರ್ಧಕ್ಕಿಳಿದಿದ್ದರೆ, ಇಲ್ಲವೇ ನಡುವಿನ ಕಬ್ಬಿಣದ ತಂತಿ ಎಲ್ಲೇ ಕಂಡರೂ ಬದಲಿಸಬೇಕು. ಕರಾವಳಿಯ ಉಪ್ಪಿನಂಶದ ಬಾವಿ ನೀರಿಗೆ ಇನ್ನೂ ಬೇಗ.

ಎರಡು ವರ್ಷದ ಮೇಲೂ ರಾಡ್ ಹೊಸದರಂತೆ ಇದ್ದರೆ ಸಂತೋಷಪಡಬೇಡಿ. ಅದರ ಮೇಲೆ ಸುಣ್ಣ ಗಟ್ಟಿಯಾಗಿ ಕೂತು ಕೆಲಸ ನಿಂತಿರಬಹುದು, ಅಥವಾ ಬುಡದ ತಿರುಪು ಸಡಿಲವಾಗಿ ಟ್ಯಾಂಕಿಗೂ ಅದಕ್ಕೂ ಸಂಪರ್ಕವೇ ತಪ್ಪಿರಬಹುದು. ಬುಡ ಉಜ್ಜಿ, ಬಿಗಿದು, ರಾಡ್‌ಗೂ ಟ್ಯಾಂಕಿನ ಲೋಹಕ್ಕೂ ನಡುವೆ ಮೀಟರ್ ಹಿಡಿದು ನೋಡಬೇಕು. ಕೊಳ್ಳುವಾಗ ಹಳೆಯ ರಾಡನ್ನು ಅಂಗಡಿಗೆ ಒಯ್ಯಿರಿ, ಉದ್ದ ಮತ್ತು ತಿರುಪಿನ ಅಳತೆ ಮಾದರಿಯಿಂದ ಮಾದರಿಗೆ ಬೇರೆ. ಬಿಸಿನೀರಿಗೆ ಮಾತ್ರ ಕೊಳೆತ ಮೊಟ್ಟೆಯ ವಾಸನೆ ಬರುತ್ತಿದ್ದರೆ ಅದೂ ಈ ರಾಡ್ ಮತ್ತು ಟ್ಯಾಂಕಿನೊಳಗಿನ ಬ್ಯಾಕ್ಟೀರಿಯಾ ಸೇರಿ ಮಾಡುವ ಕೆಲಸ. ಟ್ಯಾಂಕ್ ತೊಳೆದು, ಒಮ್ಮೆ ಪೂರ್ತಿ ಬಿಸಿಗೆ ಕಾಯಿಸಿ ಆ ನೀರನ್ನು ಚೆಲ್ಲಿ. ಮತ್ತೆ ಬಂದರೆ ಅಲ್ಯೂಮಿನಿಯಂ-ಸತು ಮಿಶ್ರಲೋಹದ ರಾಡ್ ಹಾಕಿಸಿ. ವಾಸನೆ ತಾಳದೆ ರಾಡನ್ನೇ ತೆಗೆಸಿಬಿಡುವವರಿದ್ದಾರೆ, ಅವರು ಟ್ಯಾಂಕನ್ನು ಕೈಯಾರೆ ತುಕ್ಕಿಗೆ ಒಪ್ಪಿಸುತ್ತಿದ್ದಾರೆ.

ಮರುಜೋಡಣೆಯಲ್ಲಿ ರಬ್ಬರ್ ಗ್ಯಾಸ್ಕೆಟ್ ಹೊಸದೇ ಆಗಬೇಕು. ಒಮ್ಮೆ ಶಾಖದಲ್ಲಿ ಒತ್ತಿಹೋದ ಗ್ಯಾಸ್ಕೆಟ್ ಮತ್ತೆ ಕೂರುವುದಿಲ್ಲ, ಹನಿ ಶುರುವಾಗಿ ಕೆಳಗಿನ ವೈರುಗಳ ಮೇಲೇ ಬೀಳುತ್ತದೆ. ಸಿಲಿಕೋನ್ ಪೇಸ್ಟ್ ಮೆತ್ತಿ ಹಳೆಯದನ್ನೇ ಹಾಕಿದರೆ ಒಪ್ಪಬೇಡಿ. ಜೋಡಿಸಿದ ಮೇಲೆ ಆಂಗಲ್ ಕಾಕ್ ತೆರೆದು, ಬಿಸಿನೀರಿನ ನಲ್ಲಿಯಲ್ಲಿ ಗಾಳಿ ಬುಸುಗುಟ್ಟುವುದು ನಿಂತು ನೀರು ಒಂದೇ ಸಮನೆ ಬರುವವರೆಗೆ ಕಾದು, ಆಮೇಲಷ್ಟೇ ಕರೆಂಟ್. ಬರಿದಾದ ಟ್ಯಾಂಕಿನಲ್ಲಿ ಸ್ವಿಚ್ ಹಾಕಿದರೆ ಹೊಸ ಕಾಯಿಲ್ ಕೂಡ ನಿಮಿಷಗಳಲ್ಲಿ ಸುಟ್ಟುಹೋಗುತ್ತದೆ. 15 ಲೀಟರ್ ನೀರು 25 ಡಿಗ್ರಿಯಿಂದ 60ಕ್ಕೆ ಏರಲು ಸುಮಾರು 18 ನಿಮಿಷ ಸಾಕು. ಅದಕ್ಕಿಂತ ಬಹಳ ತಡವಾದರೆ ಮೊದಲು ವೋಲ್ಟೇಜ್ ನೋಡಿ. 200 ವೋಲ್ಟ್‌ಗೆ ಇಳಿದಾಗ 2000 ವ್ಯಾಟ್ ಕಾಯಿಲ್ 1500ರಷ್ಟೇ ಕೊಡುತ್ತದೆ.

ಸೇಫ್ಟಿ ವಾಲ್ವ್ ಬಗ್ಗೆ ಬರುವ ದೂರುಗಳಲ್ಲಿ ಅರ್ಧ ದೂರೇ ಅಲ್ಲ. ನೀರು ಕಾದಾಗ ಹಿಗ್ಗುತ್ತದೆ. 25 ಡಿಗ್ರಿಯಿಂದ 65ಕ್ಕೆ ಹೋದರೆ 15 ಲೀಟರ್ ನೀರು ಸುಮಾರು ಕಾಲು ಲೀಟರ್ ಹೆಚ್ಚಾಗುತ್ತದೆ. ವಾಲ್ವ್‌ನಲ್ಲೇ ನೀರು ಹಿಂದೆ ಹೋಗದಂತೆ ತಡೆಯಿರುವುದರಿಂದ ಆ ಹೆಚ್ಚಿನ ನೀರು ಹನಿಹನಿಯಾಗಿ ಹೊರಬರಲೇಬೇಕು. ಈ ಹನಿಯನ್ನು ನಿಲ್ಲಿಸಲು ವಾಲ್ವ್‌ನ ಬಾಯಿಗೆ ಬಿರಡೆ ಬಡಿಯುವುದು ಬಾಂಬ್ ಕಟ್ಟಿದಂತೆ. ಒಂದು ಸಣ್ಣ ಟ್ಯೂಬ್ ಸಿಕ್ಕಿಸಿ ಬಚ್ಚಲಿಗೆ ಬಿಡಿ. ಗೀಸರ್ ಆರಿದ ಮೇಲೂ ಹನಿ ನಿಲ್ಲದಿದ್ದರೆ ಮಾತ್ರ ರಿಪೇರಿ: ಒಂದೋ ವಾಲ್ವ್‌ನೊಳಗೆ ಸುಣ್ಣದ ಚೂರು ಸಿಕ್ಕಿದೆ, ಇಲ್ಲವೇ ಮನೆಯ ಪ್ರೆಶರ್ ಪಂಪ್ ಅತಿಯಾಯಿತು. ಹೆಚ್ಚಿನ ಗೀಸರ್ 8 ಬಾರ್ ಒತ್ತಡಕ್ಕೆ ಮಾಡಿದವು. ಟೆರೇಸಿನ ಟ್ಯಾಂಕಿನಿಂದ 10 ಮೀಟರ್ ಕೆಳಗೆ ಬರುವ ಒತ್ತಡ 1 ಬಾರ್ ಅಷ್ಟೇ. ಹತ್ತಿಪ್ಪತ್ತು ಅಂತಸ್ತಿನ ಅಪಾರ್ಟ್‌ಮೆಂಟಿನ ಕೆಳಮಹಡಿಗಳಲ್ಲಿ ಒತ್ತಡ ಇಳಿಸುವ ವಾಲ್ವ್ ಇದೆಯೇ ಎಂದು ಅಸೋಸಿಯೇಷನ್‌ನವರನ್ನು ಕೇಳಿಕೊಳ್ಳಿ. ವಾಲ್ವ್‌ನ ಪುಟ್ಟ ಹಿಡಿಕೆಯನ್ನು ಮೂರು ತಿಂಗಳಿಗೊಮ್ಮೆ ಎತ್ತಿ ಬಿಡುವುದು ಯಾರ ಸಹಾಯವೂ ಬೇಡದ ಕೆಲಸ, ನೀರು ತಣ್ಣಗಿರುವಾಗ ಮಾಡಿ.

ಈಗ ಯಾರನ್ನು ಕರೆಯಬೇಕೆಂಬ ಮಾತು. ಕಂಪನಿಯ ಅಧಿಕೃತ ಸರ್ವಿಸ್‌ನ ದೊಡ್ಡ ಬಲ ಬಿಡಿಭಾಗ. ನಿಮ್ಮ ಮಾದರಿಗೆ ಹೊಂದುವ ರಾಡ್, ಗ್ಯಾಸ್ಕೆಟ್, ಥರ್ಮೋಸ್ಟ್ಯಾಟ್ ಅವರಲ್ಲಿ ಸಿಗುತ್ತದೆ, ವಾರಂಟಿಯೂ ಉಳಿಯುತ್ತದೆ. ವಾರಂಟಿ ಇರುವವರೆಗೆ ಬೇರೆ ಯೋಚನೆ ಬೇಡ. ಆದರೆ ಆ ವಾರಂಟಿ ಕಾಗದದ ಸಣ್ಣಕ್ಷರ ಓದಿ. ಟ್ಯಾಂಕಿಗೆ ವರ್ಷಗಟ್ಟಲೆ ವಾರಂಟಿ ಎಂದಿದ್ದರೂ ಗಡಸು ನೀರಿಗೆ ಅನ್ವಯಿಸದು, ಆನೋಡ್ ಕಾಲಕಾಲಕ್ಕೆ ಬದಲಿಸಿರಬೇಕು ಎಂಬ ಷರತ್ತು ಹಲವು ಕಡೆ ಇರುತ್ತದೆ. ರಾಡ್ ಬದಲಿಸಿದ ಬಿಲ್ಲನ್ನು ಜೋಪಾನ ಮಾಡಿ. ಎಎಂಸಿ (ವಾರ್ಷಿಕ ನಿರ್ವಹಣಾ ಒಪ್ಪಂದ) ಒಪ್ಪುವ ಮೊದಲು ರಾಡ್ ಮತ್ತು ಗ್ಯಾಸ್ಕೆಟ್ ಅದರಲ್ಲಿ ಸೇರಿದೆಯೇ, ವರ್ಷದಲ್ಲಿ ಎಷ್ಟು ಸಲ ಟ್ಯಾಂಕ್ ಬಿಚ್ಚುತ್ತಾರೆ ಎಂದು ಬರಹದಲ್ಲಿ ಕೇಳಿ. ಕೂಲಿ ಮಾತ್ರ ಸೇರಿದ ಎಎಂಸಿ ನಮಗೆ ದಂಡ ಅನಿಸುತ್ತದೆ.

ಆ್ಯಪ್‌ನಲ್ಲಿ ಬುಕ್ ಮಾಡುವ ಸೇವೆಯಲ್ಲಿ ದರ ಮೊದಲೇ ಗೊತ್ತಾಗುತ್ತದೆ, ಹೇಳಿದ ಹೊತ್ತಿಗೆ ಬರುವುದೂ ಹೆಚ್ಚು. ಆಯ್ಕೆ ಮಾಡುವಾಗ ‘ಚೆಕಪ್’ ಮತ್ತು ‘ಸರ್ವಿಸ್’ ನಡುವಿನ ವ್ಯತ್ಯಾಸ ಗಮನಿಸಿ, ಕೆಲಸದ ಪಟ್ಟಿಯಲ್ಲಿ ಟ್ಯಾಂಕ್ ಬಿಚ್ಚಿ ತೊಳೆಯುವುದು ಇದೆಯೇ ನೋಡಿ. ಬರುವವರ ಚೀಲದಲ್ಲಿ ನಿಮ್ಮ ಮಾದರಿಯ ರಾಡ್ ಇರುವ ಖಾತ್ರಿಯಿಲ್ಲ, ನೀವೇ ತಂದಿಟ್ಟುಕೊಂಡಿರುವುದು ಒಳ್ಳೆಯದು.

ಬಡಾವಣೆಯ ಎಲೆಕ್ಟ್ರಿಷಿಯನ್ ಅಣ್ಣನಿಗೆ ನಿಮ್ಮ ಮನೆಯ ವೈರಿಂಗ್ ಗೊತ್ತು, ಕರೆದರೆ ಸಂಜೆಗೇ ಬರುತ್ತಾರೆ, ವಾರಂಟಿ ಮುಗಿದ ಗೀಸರ್‌ಗೆ ನಮ್ಮ ಮೊದಲ ಆಯ್ಕೆ ಅವರೇ. ಒಂದೇ ವಿಷಯದಲ್ಲಿ ಬಿಗಿಯಾಗಿರಿ: ಥರ್ಮೋಸ್ಟ್ಯಾಟ್ ಅಥವಾ ಕಟ್‌ಔಟ್ ಕೆಟ್ಟಾಗ ‘ಸದ್ಯಕ್ಕೆ ಡೈರೆಕ್ಟ್ ಮಾಡಿಕೊಡ್ತೀನಿ’ ಎಂದರೆ ಬೇಡವೆನ್ನಿ. ಹೀಗೆ ಅವನ್ನು ಬಿಟ್ಟು ಕರೆಂಟನ್ನು ನೇರ ಕಾಯಿಲ್‌ಗೆ ಕೊಟ್ಟ ಗೀಸರ್‌ಗೆ ನಿಲ್ಲುವುದೇ ಗೊತ್ತಿರುವುದಿಲ್ಲ. ಸ್ವಿಚ್ ಆರಿಸಲು ಮರೆತ ದಿನ ನೀರು ಕುದಿಯುತ್ತಲೇ ಇರುತ್ತದೆ, ಸೇಫ್ಟಿ ವಾಲ್ವ್ ಸುಣ್ಣ ಹಿಡಿದು ಕೂತಿದ್ದರೆ ಟ್ಯಾಂಕ್ ಸಿಡಿಯುತ್ತದೆ. ಹೊಸ ಥರ್ಮೋಸ್ಟ್ಯಾಟ್ ಸಿಗುವವರೆಗೆ ಒಲೆಯ ಮೇಲೆ ಕಾಯಿಸಿಕೊಂಡು ಸ್ನಾನ ಮಾಡಿ.

ಕರೆದ ದಿನವೇ ವಿದ್ಯುತ್ ಕಡೆಯೂ ನೋಡಿಸಿಬಿಡಿ. 2000 ವ್ಯಾಟ್ ಎಂದರೆ 8.7 ಆಂಪಿಯರ್, ನೀರು ಕಾಯುವಷ್ಟು ಹೊತ್ತೂ. ಪ್ಲಗ್‌ನ ಪಿನ್ ಕಂದಿದ್ದರೆ, ಸಾಕೆಟ್ ಮುಟ್ಟಿದರೆ ಬಿಸಿಯಿದ್ದರೆ ಎರಡನ್ನೂ ಬದಲಿಸಬೇಕು, ಒಂದನ್ನಲ್ಲ. ವೈರ್ 2.5 ಚದರ ಮಿಲಿಮೀಟರ್ ತಾಮ್ರಕ್ಕಿಂತ ಕಡಿಮೆ ಇರಬಾರದು, ದೂರ ಹೆಚ್ಚಿದ್ದರೆ 4. 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಇಲ್ಲದ ಮನೆಯಲ್ಲಿ ಗೀಸರ್ ಸರ್ವಿಸ್‌ಗಿಂತ ಮೊದಲು ಅದನ್ನು ಹಾಕಿಸಿ.

ಗಡಸು ನೀರಿಗೆ ಪರಿಹಾರವೆಂದು ಮಾರುವ ಸಾಮಾನುಗಳಲ್ಲಿ ಇಡೀ ಮನೆಗೆ ಹಾಕುವ ರೆಸಿನ್ ಸಾಫ್ಟನರ್ ನಿಜಕ್ಕೂ ಸುಣ್ಣ ತೆಗೆಯುತ್ತದೆ. ಉಪ್ಪು ಹಾಕಿ ಆಗಾಗ ತೊಳೆಯುವ ಶ್ರದ್ಧೆ ಇರಬೇಕು, ಆನೋಡ್ ನೋಡುವುದನ್ನಂತೂ ಅದರಿಂದ ಬಿಡಲಾಗದು. ಶವರ್‌ಗೆ ಸಿಕ್ಕಿಸುವ ಫಿಲ್ಟರ್ ಗೀಸರ್ ಆದ ಮೇಲೆ ಬರುವುದರಿಂದ ಗೀಸರ್‌ಗೆ ಏನೂ ಮಾಡದು. ಪೈಪಿಗೆ ಕಟ್ಟುವ ಅಯಸ್ಕಾಂತದ ಪಟ್ಟಿ ನಂಬಿ ಸರ್ವಿಸ್ ತಪ್ಪಿಸಬೇಡಿ. ಇವೆಲ್ಲಕ್ಕಿಂತ ಅಗ್ಗದ ಉಪಾಯ ಥರ್ಮೋಸ್ಟ್ಯಾಟನ್ನು ತುತ್ತತುದಿಯಲ್ಲಿ ಇಡದೆ 60ರ ಆಸುಪಾಸಿಗೆ ಇಳಿಸುವುದು. ಅದಕ್ಕಿಂತ ಮೇಲೆ ಹೋದಷ್ಟೂ ಸುಣ್ಣ ಬೇಗ ಕೂರುತ್ತದೆ. 50ಕ್ಕಿಂತ ಕೆಳಗೂ ಬೇಡ, ಉಗುರುಬೆಚ್ಚಗಿನ ನೀರು ಬ್ಯಾಕ್ಟೀರಿಯಾಗಳಿಗೆ ಪ್ರಿಯ.

ವರ್ಷದಲ್ಲಿ ಯಾವಾಗ ಎಂದರೆ, ನೀರು ತುಂಬುವ ಹಬ್ಬಕ್ಕೆ ಮೊದಲು. ದೀಪಾವಳಿಯ ಆ ಸಂಜೆ ಹಂಡೆ ತಿಕ್ಕಿ ತೊಳೆದು ಹೊಸ ನೀರು ತುಂಬುವ ಪದ್ಧತಿಯಲ್ಲಿ ಬಚ್ಚಲಿನ ವಾರ್ಷಿಕ ಸರ್ವಿಸ್ ಮೊದಲಿನಿಂದಲೂ ಇತ್ತು. ಚಳಿ ಹಿಡಿದ ಮೇಲೆ ಎಲ್ಲರ ಗೀಸರ್ ಒಟ್ಟಿಗೇ ಕೆಡುತ್ತದೆ, ಕೆಲಸದವರು ಸಿಗುವುದಿಲ್ಲ, ಸಿಕ್ಕವರಿಗೆ ತಳ ಬಿಚ್ಚುವ ಪುರುಸೊತ್ತಿರುವುದಿಲ್ಲ.

ಒಂದು ಸ್ಥಿತಿಯಲ್ಲಿ ಮಾತ್ರ ಯಾವ ಸರ್ವಿಸ್‌ಗೂ ಹಣ ಹಾಕಬೇಡಿ. ಪೈಪಿನ ಜಾಯಿಂಟ್, ಗ್ಯಾಸ್ಕೆಟ್, ವಾಲ್ವ್ ಎಲ್ಲ ಒಣಗಿದ್ದೂ ತಳದ ಮುಚ್ಚಳದಿಂದ ಕೆಂಪು ನೀರು ಇಳಿಯುತ್ತಿದ್ದರೆ ಟ್ಯಾಂಕೇ ತೂತಾಗಿದೆ. ಗಾಜಿನ ಲೇಪದ ಟ್ಯಾಂಕಿಗೆ ಬೆಸುಗೆ ಹಾಕಿದರೆ ಸುತ್ತಲಿನ ಲೇಪ ಸುಟ್ಟು ಪಕ್ಕದಲ್ಲೇ ಮತ್ತೆ ತೂತು ಬೀಳುತ್ತದೆ. ಪ್ಲಗ್ ಕಿತ್ತು, ಆಂಗಲ್ ಕಾಕ್ ಮುಚ್ಚಿ, ಗೀಸರ್ ಇಳಿಸಿಬಿಡಿ. ಹೊಸದನ್ನು ಏರಿಸುವಾಗ ಹಳೆಯ ಕನೆಕ್ಷನ್ ಪೈಪ್, ಸೇಫ್ಟಿ ವಾಲ್ವ್, ತುಕ್ಕು ಹಿಡಿದ ಗೋಡೆಯ ಬೋಲ್ಟ್ ಯಾವುದನ್ನೂ ಮತ್ತೆ ಬಳಸಬೇಡಿ. ಪೆಟ್ಟಿಗೆಯ ಮೇಲೆ ಐಎಸ್‌ಐ ಗುರುತಿನೊಂದಿಗೆ ಐಎಸ್ 2082 ಎಂದು ಬರೆದಿದೆಯೇ ನೋಡಿ, ಆನೋಡ್ ರಾಡ್ ಬಿಡಿಯಾಗಿ ಸಿಗುತ್ತದೆಯೇ ಎಂದು ಅಂಗಡಿಯಲ್ಲೇ ಕೇಳಿ. ಸಿಕ್ಕರೆ ಅಂದೇ ಒಂದು ಕೊಂಡು, ಗೀಸರ್ ಹಾಕಿಸಿದ ತಾರೀಖನ್ನು ಅದರ ಮೇಲೆ ಬರೆದು ಎತ್ತಿಡಿ.